ನೋವಿಲ್ಲದ ಬುದ್ಧಿಹಲ್ಲಿಗೆ ಎಕ್ಸ್‌-ರೇ ಯಾಕೆ?

22 ವರ್ಷ, ಬುದ್ಧಿಹಲ್ಲು ಅರ್ಧ ಬಂದಿದೆ, ನೋವಿಲ್ಲ, ಆದರೂ ಡಾಕ್ಟರು ಎಕ್ಸ್‌-ರೇ ಅಂದಿದ್ದಾರೆ ಅಂತ ಕೇಳಿದ್ದೀರಲ್ವಾ? ಎಕ್ಸ್‌-ರೇ ಖಂಡಿತ ತೆಗೆಸಿ, ಹಲ್ಲು ನೆಟ್ಟಗಿದೆಯಾ, ವಾಲಿದೆಯಾ ಅಂತ ಅದರಲ್ಲಿ ಗೊತ್ತಾಗುತ್ತದೆ. ಹಲ್ಲು ವಾಲಿಕೊಂಡು ಬಂದರೆ ಅದರ ಮುಂದಿನ ದವಡೆ ಹಲ್ಲಿನ ಹಿಂಬದಿಗೆ ಬ್ರಷ್ ತಲುಪುವುದೇ ಇಲ್ಲ. ನನಗೆ 24ರಲ್ಲಿ ಹಾಗೇ ಆಯಿತು. ನೋವು ಶುರುವಾಗುವ ಹೊತ್ತಿಗೆ ಪಕ್ಕದ ಒಳ್ಳೆ ಹಲ್ಲೇ ಹುಳುಕಾಗಿತ್ತು, ರೂಟ್ ಕೆನಾಲ್ ಮಾಡಿಸಬೇಕಾಯಿತು. ಇನ್ನು ಹಲ್ಲಿನ ಮೇಲೆ ಟೋಪಿ ಹಾಗೆ ಕೂತಿರುವ ವಸಡು ಇದೆಯಲ್ಲ, ಅದರಡಿ ಅನ್ನದ ಅಗುಳು, ಒಗ್ಗರಣೆಯ ಸಾಸಿವೆ ಸಿಕ್ಕಿ ಕೊಳೆತರೆ ಊದಿಕೊಂಡು ಕೀವಾಗಬಹುದು. ಸದ್ಯಕ್ಕೆ ಊಟವಾದ ಮೇಲೆ ಬೆಚ್ಚಗಿನ ಉಪ್ಪುನೀರಿನಲ್ಲಿ ಮುಕ್ಕಳಿಸಿ, ಪುಟ್ಟ ತಲೆಯ ಬ್ರಷ್ ಬಳಸಿ. ನೆಟ್ಟಗೆ, ಪೂರ್ತಿ ಬಂದ ಹಲ್ಲನ್ನು ಸುಮ್ನೆ ಕೀಳಿಸಬೇಕಿಲ್ಲ. ಆದರೆ ಜ್ವರ ಬಂದರೆ, ಬಾಯಿ ತೆರೆಯಲು, ನುಂಗಲು ಕಷ್ಟವಾದರೆ ಅವತ್ತೇ ಹೋಗಿ ತೋರಿಸಿ.