ಕೆರೆ ಹೂಳೆತ್ತೋಕೆ ಜೆಸಿಬಿ ಎಷ್ಟು ದಿನ ಬೇಕು?

ಹೀಗಂತ ಬರೆದು ಕೇಳಿದ್ದೀರಿ. ನಾವೂ ಮೊದಲು ಕೇಳಿದ್ದು ಇದನ್ನೇ. ಮುಳಬಾಗಿಲು ಕಡೆಯ ಸಣ್ಣ ಕೆರೆ ನಮ್ಮದು. ಸಂಘ ಕಟ್ಟಿದ್ವಿ, ಗಂಟೆಗೆ ಎಷ್ಟು ಬಾಡಿಗೆ ಅಂತ ವಿಚಾರಿಸಿದ್ವಿ, ಶುರು ಮಾಡಿದ್ವಿ. "ಆಳ ಹೆಚ್ಚಾದಷ್ಟೂ ನೀರು ಹೆಚ್ಚು" ಅಂತ ನೀವು ಬರೆದಿದ್ದೀರಲ್ಲ, ಆ ಮಾತು ನಂಬಿಯೇ ಕೆಟ್ಟಿದ್ದು.

ತೂಬು ಅಂದ್ರೆ ಕೆರೆ ನೀರನ್ನ ಕಾಲುವೆಗೆ ಬಿಡೋ ಬಾಗಿಲು. ಅದರ ತಳಕ್ಕಿಂತ ಐದಡಿ ಕೆಳಗೆ ತೋಡಿಬಿಟ್ವಿ. ತಪ್ಪು ಅಷ್ಟೇ, ಆದರೆ ಅದನ್ನ ಬಿಡಿಸಿ ಹೇಳಬೇಕು. ತೂಬಿನ ತಳದ ಕಣ್ಣಿಗಿಂತ ಮೇಲೆ ನಿಂತ ನೀರು ಮಾತ್ರ ತಾನಾಗಿ ಕಾಲುವೆಗೆ ಇಳಿಯುತ್ತೆ. ಅದಕ್ಕಿಂತ ಕೆಳಗಿನದು ಗುಂಡಿಯಲ್ಲೇ ಉಳಿಯುತ್ತೆ, ಇಂಗುತ್ತೆ. ಎರಡು ಎಕರೆ ಜಾಗ, ಐದಡಿ ಆಳ ಅಂದ್ರೆ 4,35,600 ಘನ ಅಡಿ, ಒಂದೂಕಾಲು ಕೋಟಿ ಲೀಟರ್ ಹತ್ತಿರ. ಮೊದಲ ಮಳೆಗಳ ಅಷ್ಟೂ ನೀರು ಗುಂಡಿ ತುಂಬಿದ ಮೇಲೇ ತೂಬಿನ ಮಟ್ಟಕ್ಕೆ ಬರಬೇಕು. ಮಳೆ ಕಮ್ಮಿಯಾದ ವರ್ಷ ಬರಲೇ ಇಲ್ಲ. ಇಂಗಿದ್ದು ಯಾರಿಗೆ ಸಿಕ್ಕಿತು? ಸುತ್ತ ಬೋರ್‌ವೆಲ್ ಇದ್ದವರಿಗೆ. ಕೆರೆಯಲ್ಲಿ ಇರೋವರೆಗೆ ಅದು ಅಚ್ಚುಕಟ್ಟಿನ, ಅಂದ್ರೆ ಕೆರೆ ನೀರುಣ್ಣೋ ಗದ್ದೆಗಳ ನೀರು, ಎಲ್ಲರದೂ. ನೆಲದೊಳಗೆ ಇಳಿದ ಮೇಲೆ ಜಮೀನಿನ ಒಡೆಯ ಎತ್ತಿಕೊಳ್ಳಬಹುದು ಅನ್ನೋದು 1882ರ ಈಸ್‌ಮೆಂಟ್ ಕಾಯ್ದೆಯ ಕಾಲದಿಂದ ನಡೆದು ಬಂದಿರೋ ಲೆಕ್ಕ. 2011ರ ಅಂತರ್ಜಲ ಕಾಯ್ದೆ ಅಧಿಸೂಚಿತ ಪ್ರದೇಶದಲ್ಲಿ ಬೋರ್ ಕೊರೆಯೋಕೆ ಅನುಮತಿ ಕೇಳುತ್ತೆ, ನಿಜ. ಆದರೆ ಕಾಲುವೆಯ ತುದಿಯಲ್ಲಿರೋ ಕೊನೆಗದ್ದೆಯವನ ಪಾಲನ್ನ ಅದು ವಾಪಸ್ ಕೊಡಿಸಲ್ಲ. ಯಾರೂ ಕದಿಯದೆ, ಯಾರೂ ತೀರ್ಮಾನ ಮಾಡದೆ, ಒಂದು ಜೆಸಿಬಿ ಬಕೆಟ್ಟು ನಮ್ಮೂರಲ್ಲಿ ನೀರಿನ ಹಕ್ಕನ್ನ ಅತ್ತಿಂದಿತ್ತ ಮಾಡಿತು.

ಬೋರ್‌ಗಳಿಗೆ ನೀರು ಬರಲಿ ಅಂತಲೇ ನಿಮ್ಮೂರು ಬಯಸಿದರೆ ತೋಡಿ, ಬೇಡ ಅನ್ನಲ್ಲ. ಅದನ್ನ ಸಭೆಯಲ್ಲಿ ಬಾಯಿ ಬಿಟ್ಟು ಹೇಳಿ, ಕೊನೆಗದ್ದೆಯವರ ಎದುರಿಗೆ.

ಇಲ್ಲಾಂದ್ರೆ ಗಾರೆ ಕೆಲಸದವರು ನೀರು ತುಂಬಿ ಮಟ್ಟ ನೋಡೋ ಲೆವೆಲ್ ಪೈಪ್ ತಗೊಳ್ಳಿ. ಪೈಪಿನೊಳಗೆ ಗಾಳಿಗುಳ್ಳೆ ಇರಬಾರದು, ಇದ್ದರೆ ಮಟ್ಟ ಸುಳ್ಳು ಹೇಳುತ್ತೆ. ತೂಬಿನ ತಳದಿಂದ ಮಟ್ಟ ಹಿಡಿದು 50 ಅಡಿಗೊಂದು ಗೂಟ ಹೊಡೆದು, ಆ ಮಟ್ಟಕ್ಕೆ ಸುಣ್ಣದ ಗೆರೆ ಎಳೆಯಿರಿ. ಡ್ರೈವರ್ ಗೆರೆಗಿಂತ ಕೆಳಗೆ ಹೋಗಬಾರದು. ಕೆರೆಯ ಕಟ್ಟೆ, ಅಂದ್ರೆ ಏರಿಯ ಬುಡದಿಂದ 30 ಹೆಜ್ಜೆ ಮುಟ್ಟಲೇಬೇಡಿ, ಅಲ್ಲಿನ ಜೇಡಿ ಕಿತ್ತರೆ ಏರಿ ಸೋರುತ್ತೆ. ಅಂಚು ನೆಟ್ಟಗೆ ಕಡಿಯದೆ ಇಳಿಜಾರು ಬಿಡಿ. ದನ ಕುರಿ ನೀರಿಗೆ ಇಳಿಯೋದು ಅಲ್ಲೇ, ಮಕ್ಕಳು ಜಾರೋದೂ ಅಲ್ಲೇ.

ಗೋಡು, ಅಂದ್ರೆ ತೆಗೆದ ಹೂಳುಮಣ್ಣು, ಯಾರಿಗೆ ಅನ್ನೋದನ್ನೂ ಮೊದಲೇ ಬರೆದಿಡಿ. ಎಕರೆಗೆ 40 ಟ್ರ್ಯಾಕ್ಟರ್ ಲೋಡು ಹರಡಿದರೆ ಸುಮಾರು ಒಂದಂಗುಲ ಮಂದ ಬರುತ್ತೆ, ರಾಗಿ ಹೊಲಕ್ಕೆ ಧಾರಾಳ. ಬರೆದಿಡದಿದ್ದರೆ ಸ್ವಂತ ಟ್ರ್ಯಾಕ್ಟರ್ ಇರೋರೇ ಎಲ್ಲಾ ಹೊಡ್ಕೊಳ್ತಾರೆ.

ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಬೀಳೋ ಕೋಡಿ ಎತ್ತರಿಸೋಣ ಅಂತ ಒಬ್ಬರಾದರೂ ಹೇಳೇ ಹೇಳ್ತಾರೆ. ಬೇಡ. ಹಿನ್ನೀರಲ್ಲಿ ಜಮೀನು ಇರೋರ ಬೆಳೆ ಮುಳುಗುತ್ತೆ, ಕೆಳಗಿನ ಕೆರೆಗೆ ಹರಿವು ತಪ್ಪುತ್ತೆ. ನಮ್ಮವು ಸರಣಿ ಕೆರೆಗಳು, ಒಂದರ ಕೋಡಿ ನೀರು ಮುಂದಿನದಕ್ಕೆ. ನಮ್ಮ ಕಡೆಯಿಂದ ತಮಿಳುನಾಡಿನತ್ತ ಹರಿಯೋ ಪಾಲಾರ್ ನದಿಯ ಹೆಸರು 1892ರ ಮೈಸೂರು-ಮದರಾಸು ನದಿನೀರಿನ ಒಪ್ಪಂದದಲ್ಲೇ ಇದೆ, ಕೆಳಗಿನವರ ತಕರಾರು ಅಷ್ಟು ಹಳೇದು.

ತೂಬು ಎತ್ತೋದು ಯಾರು? ಇದು ಹೂಳಿಗಿಂತ ದೊಡ್ಡ ವಿಷಯ. ಹಿಂದೆ ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚೋಕೆ ನೀರುಗಂಟಿ ಇರ್ತಿದ್ದ, ಸುಗ್ಗಿಯಲ್ಲಿ ಕಣದಿಂದ ಅವನಿಗೆ ಕಾಳು ಹೋಗ್ತಿತ್ತು. ವಂಶಪಾರಂಪರ್ಯ ಗ್ರಾಮ ಹುದ್ದೆಗಳನ್ನ 1961ರ ಕಾಯ್ದೆ ರದ್ದು ಮಾಡಿತು. ಹುಟ್ಟಿನಿಂದ ಬಂದ ಚಾಕರಿ ಹೋಗಿದ್ದು ಒಳ್ಳೇದೇ, ಆದರೆ ಕೆಲಸ ಅನಾಥವಾಯ್ತು. ಯಾರನ್ನಾದರೂ ನೇಮಿಸಿ, ಕಾಳಲ್ಲ, ಸಂಬಳ ಕೊಡಿ. ಅವರಿಗೆ ಗದ್ದೆ ಇಲ್ಲದಿದ್ದರೆ ಇನ್ನೂ ವಾಸಿ. ನೀರು ಅರ್ಧಕ್ಕೇ ನಿಂತ ವರ್ಷಕ್ಕೆ ಹಳೇ ದಾಮಾಶಾ ಪದ್ಧತಿ ಸಾಕು: ತೂಬಿನ ಹತ್ತಿರದ ಗದ್ದೆಗಳನ್ನಷ್ಟೇ ನಾಟಿ ಮಾಡಿ, ಅಚ್ಚುಕಟ್ಟಿನ ಪ್ರತಿಯೊಬ್ಬರಿಗೂ ಅವರವರ ಹಿಡುವಳಿಯ ಪ್ರಮಾಣದಲ್ಲಿ ಅಲ್ಲೇ ಪಾಲು.

ಇನ್ನು ಜೆಸಿಬಿ. ಒಂದು ಎಕರೆಗೆ ಒಂದಡಿ ತೆಗೆದರೆ 43,560 ಘನ ಅಡಿ, 100 ಘನ ಅಡಿಯ ಟ್ರೇಲರ್‌ಗೆ 435 ಲೋಡು. ಟ್ರ್ಯಾಕ್ಟರ್ ಕಾಯಿಸದಿದ್ದರೆ ಗಂಟೆಗೆ ಎಂಟರಿಂದ ಹತ್ತು ಲೋಡು ತುಂಬುತ್ತೆ. ಗೂಟ ಹೊಡೆದ ಮೇಲೆ ಎಷ್ಟು ಎಕರೆ, ಎಷ್ಟಡಿ ಅಂತ ನೋಡಿ ಲೆಕ್ಕ ಹಾಕಿ.