ಹೂಕೋಸು ಬಂತು, ಜಾತ್ರೆ ಮುಗೀತು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಅಕ್ಕಾ, ನಾವು ನಾಲ್ಕು ಜನ ಪುಣೆಯ ಹಿಂಜವಡಿಯಲ್ಲಿ ಒಂದೇ ಫ್ಲ್ಯಾಟಿನಲ್ಲಿದ್ದೇವೆ. ಇಬ್ಬರು ಬೆಳಗಾವಿ ಕಡೆಯವರು, ಇಬ್ಬರು ವಿಜಯಪುರದವರು. ರಾತ್ರಿ ಊಟ ಆದ ಮೇಲೆ ಸ್ಟಾರ್‌ಡ್ಯೂ ವ್ಯಾಲಿ ಅನ್ನುವ, ಹೊಲ ಮಾಡುವ ವಿಡಿಯೋ ಗೇಮ್ ಆಡುತ್ತೇವೆ. ನಾಲ್ವರಿಗೂ ಒಂದೇ ಹೊಲ, ಒಂದೇ ಗಲ್ಲಾ. ಬೆಲೆ ಜಾಸ್ತಿ ಅಂತ ಸ್ಪ್ರಿಂಗ್‌ನ ಮೊದಲ ದಿನವೇ 400 ಗೋಲ್ಡ್ ಹೂಕೋಸಿಗೆ ಸುರಿದೆವು. 13ನೇ ತಾರೀಖಿನ ಎಗ್ ಫೆಸ್ಟಿವಲ್‌ನಲ್ಲಿ ಸ್ಟ್ರಾಬೆರಿ ಬೀಜ ಕೊಳ್ಳಲು ಕೈಯಲ್ಲಿ ದುಡ್ಡೇ ಇರಲಿಲ್ಲ. ಈಗ ಹೊಸ ಹೊಲ ಶುರು ಮಾಡಿದ್ದೇವೆ. ಈ ಸಲ ಏನು ಹಾಕೋಣ?

ಉತ್ತರ: ಹೂಕೋಸು ಕೆಟ್ಟ ಬೆಳೆ ಅಲ್ಲ. 80ಕ್ಕೆ ಬೀಜ, 175ಕ್ಕೆ ಮಾರಾಟ, 12 ದಿನ. ಬರೀ ಬೆಲೆ ನೋಡಿದರೆ ನಿಮ್ಮ ಆಯ್ಕೆ ಸರಿಯೇ. ಆದರೆ ತಾರೀಖು ಹಾಕಿ ನೋಡಿ. 1ನೇ ತಾರೀಖು ನೆಟ್ಟಿದ್ದು 13ರ ಬೆಳಗ್ಗೆ ಕೊಯ್ಲಿಗೆ ಬರುತ್ತದೆ. ಅವತ್ತೇ ಹಬ್ಬ. ಹೊಲದ ಮಾರಾಟದ ಪೆಟ್ಟಿಗೆ, ಅಂದರೆ ಶಿಪ್ಪಿಂಗ್ ಬಿನ್‌ಗೆ ಹಾಕಿದರೆ ದುಡ್ಡು ಬರುವುದು 14ರ ಬೆಳಗ್ಗೆ. ಸ್ಟ್ರಾಬೆರಿ ಬೀಜ ಸಿಗುವುದು ಮಾತ್ರ 13ರ ಹಬ್ಬದ ಅಂಗಡಿಯಲ್ಲಿ. ದಸರೆಯ ಮರುದಿನ ದಾದರ್ ಹೂವಿನ ಮಾರ್ಕೆಟ್‌ಗೆ ಬಂದಿಳಿದ ಚೆಂಡುಹೂವಿನ ಹಾಗೆ, ಮಾಲು ಒಳ್ಳೆಯದೇ, ಒಂದು ದಿನ ತಡ ಅಷ್ಟೇ.

ನಾನು ಹಗಲೆಲ್ಲ ವಾಶಿ ಮಾರ್ಕೆಟ್‌ನಲ್ಲಿ ಉಳ್ಳಾಗಡ್ಡಿ, ಆಲೂಗಡ್ಡೆ ವ್ಯಾಪಾರಿಯೊಬ್ಬರ ಲೆಕ್ಕ ಬರೆಯುವವಳು. ರಾತ್ರಿ ಕೋಥ್ರೂಡಿನಲ್ಲಿರುವ ತಂಗಿಯ ಮಕ್ಕಳ ಜೊತೆ ಇದೇ ಆಟ. ಎರಡೂ ಕಡೆ ನಾನು ಮೊದಲು ಕೇಳುವುದು ಒಂದೇ ಮಾತು: ಹಾಕಿದ ದುಡ್ಡು ಯಾವತ್ತು ವಾಪಸ್ ಬರುತ್ತೆ?

ಅದೇ 400 ಗೋಲ್ಡ್‌ನಲ್ಲಿ ಆಲೂಗಡ್ಡೆ ಹಾಕಿ. ಬೀಜ 50, ಮಾರಾಟ 80, ಆರು ದಿನ. ಎಂಟು ಗುಣಿ ಆಗುತ್ತದೆ. 7ನೇ ತಾರೀಖು ಎಂಟು ಆಲೂಗಡ್ಡೆ, ಅಂದರೆ 640 ಗೋಲ್ಡ್. ಆಗಾಗ ಒಂದರ ಜಾಗದಲ್ಲಿ ಎರಡು ಸಿಗುತ್ತದೆ, ಅದು ಮೇಲುಸಂಪಾದನೆ. ಅವತ್ತು ಬಿನ್‌ಗೆ ಹಾಕಬೇಡಿ. ಊರಲ್ಲಿ ಬೀಜ ಮಾರುವ ಪಿಯರ್ ಅಂಗಡಿಗೆ ನೀವೇ ಹೊತ್ತುಕೊಂಡು ಹೋಗಿ ಕೊಡಿ. ಬೆಳಗ್ಗೆ 9ರಿಂದ ಸಂಜೆ 5ರ ತನಕ ತೆರೆದಿರುತ್ತದೆ, ದುಡ್ಡು ಅಲ್ಲೇ ಕೈಗೆ ಬರುತ್ತದೆ. (ಪಿಯರ್‌ಗೆ ಬುಧವಾರ ರಜೆ. ಆದರೆ 7 ಭಾನುವಾರ, ತೊಂದರೆ ಇಲ್ಲ.)

ಈಗ ಎರಡನೇ ಸುತ್ತು. ಮತ್ತೆ ಆಲೂಗಡ್ಡೆ ಹಾಕಿದರೆ ಅದೂ 13ಕ್ಕೇ ಬಂದು ನಿಲ್ಲುತ್ತದೆ, ಮತ್ತದೇ ಕಥೆ. ಆ 640ಕ್ಕೂ ಪಾರ್ಸ್ನಿಪ್ (ಬಿಳಿ ಗಜ್ಜರಿಯಂಥ ಗಡ್ಡೆ) ತಗೊಳ್ಳಿ. ಬೀಜ 20, ಮಾರಾಟ 35, ನಾಲ್ಕೇ ದಿನ. 32 ಬೀಜ ಬರುತ್ತದೆ. 7ಕ್ಕೆ ನೆಟ್ಟು ಅವತ್ತೇ ನೀರು ಹಾಕಿದರೆ 11ಕ್ಕೆ ಕೊಯ್ಲು. 32ಕ್ಕೆ 1,120 ಗೋಲ್ಡ್. ಮಧ್ಯೆ ಒಂದು ದಿನ ನೀರು ತಪ್ಪಿದರೂ ಗಿಡ ಸಾಯುವುದಿಲ್ಲ, ಆ ದಿನ ಬೆಳೆಯುವುದಿಲ್ಲ ಅಷ್ಟೇ. 12ಕ್ಕಾದರೂ ಕೈಗೆ ಬಂದೇ ಬರುತ್ತದೆ. ಹಬ್ಬದಲ್ಲಿ ಒಂದು ಸ್ಟ್ರಾಬೆರಿ ಬೀಜಕ್ಕೆ 100. ಹನ್ನೊಂದು ಬೀಜ ನಿಮ್ಮದು.

ಪಾರ್ಸ್ನಿಪ್ ಅಂದರೆ ಎಲ್ಲರಿಗೂ ಸಸಾರ. ಒಬ್ಬರೇ ಆಡುವಾಗ ಅದು ನಿಜವೂ ಹೌದು. 32 ಗುಣಿಗೆ ದಿನಾ ನೀರು ಹಾಕಬೇಕು. ಶುರುವಿನಲ್ಲಿ ಒಬ್ಬರ ಶಕ್ತಿ 270, ಒಂದು ಸಲ ನೀರು ಹಾಕಿದರೆ 2 ಖರ್ಚು. ಮೊದಲ ನೀರಿನ ಕ್ಯಾನ್ ಒಮ್ಮೆ ತುಂಬಿದರೆ 40 ಗುಣಿಗೆ ಸಾಕು. ಆದರೆ ನೀವು ನಾಲ್ಕು ಜನ, ಒಬ್ಬೊಬ್ಬರಿಗೆ ಎಂಟೇ ಗುಣಿ. ಬೆಳಗ್ಗೆ ಎದ್ದ ಕೂಡಲೇ ಮುಗಿದುಹೋಗುತ್ತದೆ. ಅದಕ್ಕೇ ಹೇಳುವುದು, ಕೈ ಜಾಸ್ತಿ ಇದ್ದಾಗ ಅಗ್ಗದ, ಬೇಗ ಬರುವ ಬೆಳೆ. ಕೈ ಕಮ್ಮಿ ಇದ್ದಾಗ ದುಬಾರಿ, ನಿಧಾನದ ಬೆಳೆ. ಅಂತರ್ಜಾಲದಲ್ಲಿ ಸಿಗುವ ಬಹಳಷ್ಟು ಪಟ್ಟಿಗಳು ಒಬ್ಬರೇ ಆಡುವ ಹೊಲಕ್ಕೆ ಹಾಕಿದ ಲೆಕ್ಕ. ಅದನ್ನೇ ನಾಲ್ಕು ಜನರ ಹೊಲಕ್ಕೆ ತಂದರೆ ಇಬ್ಬರು ಸುಮ್ನೆ ನಿಂತಿರುತ್ತಾರೆ.

ಇನ್ನೊಂದು ವಿಷಯ. ಒಬ್ಬರೇ ಆಡುವಾಗ ಮೆನು ತೆರೆದರೆ ಗಡಿಯಾರ ನಿಲ್ಲುತ್ತದೆ. ಜೊತೆಯಾಗಿ ಆಡುವಾಗ ನಿಲ್ಲುವುದಿಲ್ಲ. ಪೆಟ್ಟಿಗೆ ತೆರೆದುಕೊಂಡು ಚರ್ಚೆಗೆ ಕೂತರೆ ಪಿಯರ್ ಬಾಗಿಲು ಹಾಕುತ್ತಾನೆ. ಯಾರು ಅಂಗಡಿಗೆ, ಯಾರು ನೀರಿಗೆ ಅನ್ನುವುದನ್ನು ಹಿಂದಿನ ರಾತ್ರಿ ಮಲಗುವ ಮೊದಲೇ ಮಾತಾಡಿಕೊಳ್ಳಿ. ನಮ್ಮಲ್ಲಿ ಅಂಗಡಿ ತಂಗಿಯ ಕಿರಿಮಗಳದ್ದು. ಹನ್ನೊಂದು ವರ್ಷದ ಹುಡುಗಿ, ಐದು ಗಂಟೆಯ ಒಳಗೆ ಒಂದು ದಿನವೂ ತಪ್ಪಿಸುವುದಿಲ್ಲ.

ಸ್ಟ್ರಾಬೆರಿಗೆ ಎಂಟು ದಿನ, ಆಮೇಲೆ ನಾಲ್ಕು ದಿನಕ್ಕೊಮ್ಮೆ ಹಣ್ಣು, ಒಂದಕ್ಕೆ 120. ಹಬ್ಬದಿಂದ ಬಂದ ರಾತ್ರಿಯೇ ಕತ್ತಲಲ್ಲಿ ನೆಡಲು ಓಡಬೇಡಿ. 16ರ ಒಳಗೆ ನೆಟ್ಟರೂ ಎರಡು ಕೊಯ್ಲು ಸಿಕ್ಕೇ ಸಿಗುತ್ತದೆ: 24ಕ್ಕೊಂದು, 28ಕ್ಕೊಂದು. ಹನ್ನೊಂದು ಗಿಡಕ್ಕೆ 2,640 ಗೋಲ್ಡ್, ಸಮ್ಮರ್ ಬೀಜಕ್ಕೆ ಸಾಕಷ್ಟಾಯಿತು. ದುಡ್ಡು ಮಿಕ್ಕಿದ್ದರೆ ಇನ್ನಷ್ಟು ಬೀಜ ಕೊಂಡು ಪೆಟ್ಟಿಗೆಯಲ್ಲಿಡಿ. ಮುಂದಿನ ವರ್ಷ ಸ್ಪ್ರಿಂಗ್ 1ಕ್ಕೆ ನೆಟ್ಟರೆ ಐದು ಕೊಯ್ಲು.

ಹೂಕೋಸನ್ನು ಪೂರ್ತಿ ಬಿಡಬೇಡಿ. ಕಮ್ಯುನಿಟಿ ಸೆಂಟರ್‌ನ ಸ್ಪ್ರಿಂಗ್ ಕ್ರಾಪ್ಸ್ ಬಂಡಲ್‌ಗೆ (ಅಲ್ಲಿ ಒಪ್ಪಿಸಬೇಕಾದ ಬೆಳೆಗಳ ಕಟ್ಟು) ಒಂದು ಬೇಕು. 16ರ ಒಳಗೆ ಒಂದು ಗಿಡ ಹಾಕಿ, 28ಕ್ಕೆ ಬರುತ್ತದೆ. ಅದಕ್ಕಿಂತ ತಡ ಮಾಡಿದರೆ ಋತು ಬದಲಾಗಿ ಒಣಗಿಹೋಗುತ್ತದೆ.

ಪ್ರಶ್ನೆ: ನಾವು ಮುಲುಂಡಿನವರು, ಗಂಡ ಹೆಂಡತಿ ಇಬ್ಬರೇ ಆಡುತ್ತೇವೆ. ಸಮ್ಮರ್ ಬಂದರೆ ಜಗಳ. ನನಗೆ ಬ್ಲೂಬೆರಿ ಬೇಕು, ಇವರಿಗೆ ಮೆಲನ್. ಎರಡರ ಬೀಜವೂ 80. ಯಾರು ಸರಿ ಮೇಡಂ?

ಉತ್ತರ: ತಿಂಗಳ ಶುರುವಿನಲ್ಲಿ ನೀವು ಸರಿ. 1ನೇ ತಾರೀಖು ನೆಟ್ಟ ಬ್ಲೂಬೆರಿ 14, 18, 22, 26ಕ್ಕೆ ಕೊಯ್ಲಿಗೆ ಬರುತ್ತದೆ. ಪ್ರತಿ ಸಲ ಮೂರು ಹಣ್ಣು, ಒಂದಕ್ಕೆ 50. ಬೀಜದ ಖರ್ಚು ಕಳೆದು ಒಂದು ಗುಣಿಗೆ 520 ಲಾಭ. ಮೆಲನ್ 250ಕ್ಕೆ ಹೋಗುತ್ತದೆ, 12 ದಿನ ಬೇಕು, ಎರಡು ಸಲ ನೆಡಬೇಕು, ಲಾಭ 340.

ಆದರೆ 11ನೇ ತಾರೀಖು ದಾಟಿತೋ, ನಿಮ್ಮ ಯಜಮಾನರು ಸರಿ. ಆಮೇಲೆ ನೆಟ್ಟ ಬ್ಲೂಬೆರಿ ಒಂದೇ ಕೊಯ್ಲು ಕೊಡುತ್ತದೆ, ಸಿಗುವುದು 70. ಮೆಲನ್ 16ರ ತನಕ ನೆಟ್ಟರೂ 170 ಕೊಡುತ್ತದೆ. ಮೀನು ಹಿಡಿದು, ಗಣಿಗೆ ಹೋಗಿ ತಿಂಗಳ ಮಧ್ಯೆ ದುಡ್ಡು ಬರುತ್ತದಲ್ವಾ, ಅದನ್ನು ಮೆಲನ್‌ಗೆ ಹಾಕಿ.

ಮಾರುವಾಗಲೂ ಇಬ್ಬರಿಗೂ ಪಾಲಿದೆ. ಕೆಗ್ ಅನ್ನುವ ಪೀಪಾಯಿಯಲ್ಲಿ ಹಾಕಿದ ಹಣ್ಣು ವೈನ್ ಆಗಿ ಮೂರು ಪಟ್ಟು ಬೆಲೆ ತರುತ್ತದೆ. ಪ್ರಿಸರ್ವ್ಸ್ ಜಾರ್‌ನಲ್ಲಿ ಜೆಲ್ಲಿ ಆಗಿ ಎರಡು ಪಟ್ಟು, ಮೇಲೆ 50. ಬ್ಲೂಬೆರಿಗೆ ಹಾಕಿ ನೋಡಿ: ವೈನ್ ಆದರೂ 150, ಜೆಲ್ಲಿ ಆದರೂ 150. ವೈನ್‌ಗೆ ಸುಮಾರು ಒಂದು ವಾರ ಬೇಕು, ಜೆಲ್ಲಿ ಎರಡು ಮೂರು ದಿನದಲ್ಲಿ ತಯಾರು. ಮೆಲನ್‌ಗೆ ವೈನ್ 750, ಜೆಲ್ಲಿ 550. ಹಾಗಾಗಿ ಜಾರ್‌ಗಳೆಲ್ಲ ನಿಮ್ಮ ಬ್ಲೂಬೆರಿಗೆ, ಕೆಗ್‌ಗಳೆಲ್ಲ ಅವರ ಮೆಲನ್‌ಗೆ. ಚಿನ್ನದ ನಕ್ಷತ್ರ ಇರುವ ಹಣ್ಣನ್ನು ಹಾಗೆಯೇ ಮಾರಿ, ನಕ್ಷತ್ರ ಇಲ್ಲದ್ದನ್ನು ಜಾರ್‌ಗೆ ಹಾಕಿ. ಒಳಗೆ ಹೋದ ಮೇಲೆ ಎರಡಕ್ಕೂ ಒಂದೇ ಬೆಲೆ.

ಪ್ರಶ್ನೆ: ನನ್ನ ಗೆಳತಿಯ ಹೊಲದಲ್ಲಿ ಪಾರ್ಸ್ನಿಪ್ 35ಕ್ಕೆ ಬದಲು ಅದರ ಅರ್ಧಕ್ಕೆ ಹೋಗುತ್ತಿದೆ. ಆಟ ಕೆಟ್ಟಿದೆಯಾ? ನಾನು ಮಡಗಾಂವ್‌ನಲ್ಲಿ ಒಂಬತ್ತನೇ ಕ್ಲಾಸು.

ಉತ್ತರ: ಕೆಟ್ಟಿಲ್ಲ ಪುಟ್ಟಾ. ಹೊಲ ಶುರು ಮಾಡುವಾಗ ಪ್ರಾಫಿಟ್ ಮಾರ್ಜಿನ್ ಅಂತ ಒಂದು ಆಯ್ಕೆ ಇರುತ್ತದೆ: 100, 75, 50, 25 ಶೇಕಡಾ. ತುಂಬಾ ಜನ ಆಡಿದರೆ ದುಡ್ಡು ಬಹಳ ಸುಲಭ ಆಗಬಾರದು ಅಂತ ಇಟ್ಟಿದ್ದು. ನಿನ್ನ ಗೆಳತಿ 50 ಇಟ್ಟಿರಬೇಕು, ಕೇಳಿ ನೋಡು. ನೀವು ಇಬ್ಬರೇ ಆಡುವುದಾದರೆ 100 ಇಟ್ಟು ಹೊಸ ಹೊಲ ಶುರು ಮಾಡುವುದೇ ಒಳ್ಳೆಯದು. ಗಲ್ಲಾ ಒಂದೇ ಇರಬೇಕಾ, ಬೇರೆ ಬೇರೆಯಾ ಅನ್ನುವುದನ್ನು ಮಾತ್ರ ಆಮೇಲೂ ಬದಲಾಯಿಸಬಹುದು. ಮೇಯರ್ ಲೂಯಿಸ್ ಮನೆಯೊಳಗೆ ಲೆಕ್ಕದ ಪುಸ್ತಕ ಇದೆ, ಅಲ್ಲಿ ಹೋಗಿ ನೋಡು.