ಸ್ವಯಂಭು ಗುಡ್ಡ ಹತ್ತೋರಿಗೆ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಹೋದ ತಿಂಗಳು ನೇಪಾಳದ ಬಗ್ಗೆ ಬರೀತಾ ಕಠ್ಮಂಡುವಿನ ಸ್ವಯಂಭೂನಾಥ ಸ್ತೂಪದ ಬಗ್ಗೆ ಎರಡೇ ಸಾಲು ಬರೆದಿದ್ದೆ, ಗುಡ್ಡದ ಮೇಲಿಂದ ಇಡೀ ಊರು ಕಾಣುತ್ತೆ ಅಂತ. ಅಷ್ಟಕ್ಕೇ ಎಷ್ಟೊಂದು ಪತ್ರ, ಮೆಸೇಜು ಬಂದಿವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಆ ಗುಡ್ಡಕ್ಕೇ ಇರಲಿ.

*ನಮ್ಮಮ್ಮನಿಗೆ 67 ವರ್ಷ, ಮಂಡಿ ನೋವು. ಪಶುಪತಿನಾಥನ್ನ ನೋಡ್ಲೇಬೇಕು ಅಂತಾರೆ, ಹಂಗೇ ಸ್ವಯಂಭೂಗೂ ಕರ್ಕೊಂಡು ಹೋಗೋಣ ಅಂತಿದೀವಿ. ಆದ್ರೆ 365 ಮೆಟ್ಟಿಲು ಅಂತ ಓದಿ ಭಯ ಆಗ್ತಿದೆ. ಬೇರೆ ದಾರಿ ಇದ್ಯಾ? (ಓದುಗರೊಬ್ಬರು, ದಾವಣಗೆರೆ)*

ಇದೆ, ಚಿಂತೆ ಬಿಡಿ. 365 ಮೆಟ್ಟಿಲು ಇರೋದು ಪೂರ್ವದ ಕಡೆ. ಪಶ್ಚಿಮದ ಕಡೆಯಿಂದ ಟ್ಯಾಕ್ಸಿ ಗುಡ್ಡದ ಮೇಲಿನ ಪಾರ್ಕಿಂಗ್ ತನಕ ಹೋಗುತ್ತೆ, ಅಲ್ಲಿಂದಲೂ ಒಂದಷ್ಟು ಮೆಟ್ಟಿಲು ಹತ್ಲೇಬೇಕು, ಆದ್ರೆ ಅದು ಅಮ್ಮ ನಿಮ್ಮ ಕೈ ಹಿಡ್ಕೊಂಡು, ನಡುವೆ ಕೂತು ಎದ್ದು ಹತ್ತೋ ಅಷ್ಟೇ. ಟ್ಯಾಕ್ಸಿಯವರಿಗೆ ಮೊದಲೇ ಹೇಳಿ, ಪಶ್ಚಿಮದ ಗೇಟಿಗೆ ಬಿಡಿ, ಮೇಲಿನ ಪಾರ್ಕಿಂಗಿಗೆ ಅಂತ. ಇಲ್ಲದಿದ್ರೆ ಪೂರ್ವದ ಮೆಟ್ಟಿಲ ಬುಡದಲ್ಲೇ ಇಳಿಸಿ ಹೋಗಿಬಿಡ್ತಾರೆ.

ಆದ್ರೆ ಮನೆಯಲ್ಲಿ ಕಾಲು ಗಟ್ಟಿ ಇರೋರು ಯಾರಾದ್ರೂ ಇದ್ರೆ ಅವರನ್ನ ಮಾತ್ರ ಪೂರ್ವದ ಕಡೆಯಿಂದಲೇ ಹತ್ತಿಸಿ, ಇದನ್ನ ನಾನು ಒತ್ತಿ ಹೇಳ್ತೀನಿ. ಬುಡದಲ್ಲಿ ಬಣ್ಣ ಹಚ್ಚಿದ ದೊಡ್ಡ ಬುದ್ಧ ಮೂರ್ತಿಗಳು ಕೂತಿವೆ, ಅಕ್ಕಪಕ್ಕ ಮರಗಳ ಕೆಳಗೆ ಚಿಕ್ಕ ಚಿಕ್ಕ ಕಲ್ಲಿನ ಚೈತ್ಯಗಳು, ಅಂದ್ರೆ ಪುಟ್ಟ ಸ್ತೂಪಗಳು, ಬೆಳಗಿನ ಜಾವ ಹೋದ್ರೆ ಕಠ್ಮಂಡು ಕಣಿವೆಯ ಮೂಲ ಜನರಾದ ನೇವಾರರ ಹೆಂಗಸರು ತಟ್ಟೆಯಲ್ಲಿ ಅಕ್ಕಿ, ಹೂವು, ಸಿಂಧೂರ ಇಟ್ಕೊಂಡು ಒಂದೊಂದು ಕಲ್ಲಿಗೂ ಎರಡು ಕಾಳು ಹಾಕಿ ಹಣೆ ಮುಟ್ಟಿಸಿ ಮುಂದೆ ಹೋಗ್ತಿರ್ತಾರೆ. ಮೊದಮೊದಲು ಮೆಟ್ಟಿಲು ಸಲೀಸು, ಕೊನೆಗೆ ಎಷ್ಟು ಕಡಿದು ಅಂದ್ರೆ ಮುಂದಿನ ಮೆಟ್ಟಿಲು ನಿಮ್ಮ ಎದೆ ಮಟ್ಟಕ್ಕೆ ಬಂದಹಾಗೆ ಅನಿಸುತ್ತೆ, ಕಂಬಿ ಹಿಡ್ಕೊಂಡೇ ಹತ್ತಬೇಕು, ತಲೆ ಎತ್ತೋಕೆ ಆಗಲ್ಲ. ಹಾಗೇ ಏದುಸಿರು ಬಿಡ್ತಾ ಕೊನೇ ಮೆಟ್ಟಿಲಲ್ಲಿ ತಲೆ ಎತ್ತಿದ್ರೆ ಎದುರಿಗೆ ಚಿನ್ನದ ಮುಲಾಮಿನ ದೊಡ್ಡ ವಜ್ರ (ರತ್ನ ಅಲ್ಲ, ವಜ್ರಾಯುಧ), ಅದರ ಹಿಂದೆ ಬೆಳ್ಳನೆ ಗುಮ್ಮಟ, ಮೇಲೆ ಬರೆದಿರೋ ಬುದ್ಧನ ಎರಡು ಕಣ್ಣು ನಿಮ್ಮನ್ನೇ ನೋಡ್ತಿರುತ್ತೆ. ಪಾರ್ಕಿಂಗ್ ಕಡೆಯಿಂದ ಬಂದವರಿಗೆ ಇದು ಸಿಗಲ್ಲ. ಈ ಮೆಟ್ಟಿಲ ಸಾಲು, ಆ ವಜ್ರ, ಅಕ್ಕಪಕ್ಕದ ಎರಡು ಶಿಖರ ಗುಡಿ ಅನಂತಪುರ, ಪ್ರತಾಪಪುರ, ಇವೆಲ್ಲ 17ನೇ ಶತಮಾನದ ರಾಜ ಪ್ರತಾಪ ಮಲ್ಲ ಮಾಡಿಸಿದ್ದು. ವಜ್ರದ ಪೀಠದ ಸುತ್ತ ಟಿಬೆಟಿನ ಪಂಚಾಂಗದ 12 ಪ್ರಾಣಿಗಳಿವೆ, ಇಲಿ, ಹೋರಿ, ಹುಲಿ ಹೀಗೆ. ಅಮ್ಮ ಸುಧಾರಿಸಿಕೊಳ್ತಾ ಕೂತಿರುವಾಗ ಮಕ್ಕಳಿಗೆ ಅದನ್ನ ಹುಡುಕೋಕೆ ಹೇಳಿ.

ಇನ್ನೊಂದು ಮಾತು ಅಮ್ಮನಿಗೆ ಹೇಳಿ, ಖುಷಿ ಪಡ್ತಾರೆ. ಪಶುಪತಿನಾಥನ ಗರ್ಭಗುಡಿಯಲ್ಲಿ ಪೂಜೆ ಮಾಡೋ ಮುಖ್ಯ ಭಟ್ಟರು ನಮ್ಮ ಕರ್ನಾಟಕದ ಕಡೆಯವರು, ಬಹಳ ಕಾಲದಿಂದ ಬಂದ ಸಂಪ್ರದಾಯ ಅದು.

*ಅಲ್ರೀ, ಸ್ವಯಂಭೂ ಅಂದ್ರ ನಮ್ಮ ಕಡೆ ತಾನಾಗೇ ಹುಟ್ಟಿದ ಲಿಂಗ. ಬೌದ್ಧರ ಸ್ತೂಪಕ್ಕ ಆ ಹೆಸರು ಹೆಂಗ ಬಂತು? ಮತ್ತ ಮ್ಯಾಲಿಂದ ಊರು ನೋಡಾಕ, ಫೋಟೋ ತಗಿಯಾಕ ಯಾವ ಹೊತ್ತು ಚಲೋ? (ನಿವೃತ್ತ ಮಾಸ್ತರರೊಬ್ಬರು, ಧಾರವಾಡ)*

ಮಾಸ್ತರರೇ, ನೀವು ಎರಡು ಪ್ರಶ್ನೆ ಕೇಳಿದೀರಿ, ಆದ್ರೆ ಉತ್ತರ ಒಂದೇ ಕಡೆ ಇದೆ. ಅರ್ಥ ಅಲ್ಲೂ ಅದೇ, ತಾನಾಗೇ ಹುಟ್ಟಿದ್ದು. ಅಲ್ಲಿನವರ ಕತೆ ಏನಂದ್ರೆ ಕಠ್ಮಂಡು ಕಣಿವೆ ಪೂರ್ತಿ ಒಂದು ದೊಡ್ಡ ಸರೋವರ ಆಗಿತ್ತಂತೆ, ಅದರ ನಡುವೆ ಒಂದು ತಾವರೆ, ತಾವರೆ ಮೇಲೆ ತಾನಾಗೇ ಉರಿಯೋ ಬೆಳಕು. ಅದನ್ನ ನೋಡೋಕೆ ಬೌದ್ಧರು ಪೂಜಿಸೋ ಬೋಧಿಸತ್ವ ಮಂಜುಶ್ರೀ ಬಂದು, ಜನ ಹತ್ತಿರ ಹೋಗಿ ಪೂಜೆ ಮಾಡೋಹಾಗೆ ಆಗಲಿ ಅಂತ ದಕ್ಷಿಣದ ಚೋಭಾರ್ ಅನ್ನೋ ಕಡೆ ಬೆಟ್ಟವನ್ನ ಖಡ್ಗದಿಂದ ಸೀಳಿ ನೀರು ಹರಿಸಿಬಿಟ್ಟ. ತಾವರೆ ಇದ್ದ ಜಾಗವೇ ಈ ಗುಡ್ಡ, ಬೆಳಕೇ ಸ್ತೂಪ.

ಇದು ಬರೀ ಪುರಾಣ ಅಂತ ಬಿಡೋಹಾಗಿಲ್ಲ. ಆ ಕಣಿವೆ ಹಿಂದೆ ನಿಜಕ್ಕೂ ಸರೋವರ ಆಗಿತ್ತು ಅಂತ ಭೂವಿಜ್ಞಾನದವರೂ ಹೇಳ್ತಾರೆ, ಅದರ ತಳದ ಕಪ್ಪು ಜೇಡಿಮಣ್ಣಿಗೆ ಅಲ್ಲಿ ಕಾಲಿಮಾಟಿ ಅಂತಾರೆ, ಊರೊಳಗೆ ಅದೇ ಹೆಸರಿನ ದೊಡ್ಡ ತರಕಾರಿ ಮಾರ್ಕೆಟ್ಟೂ ಇದೆ. ಬಾಗ್ಮತಿ ನದಿ ಇವತ್ತಿಗೂ ಕಣಿವೆಯಿಂದ ಆಚೆ ಹೋಗೋದು ಚೋಭಾರಿನ ಆ ಇಕ್ಕಟ್ಟಿನಲ್ಲೇ. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಊರು ಅಷ್ಟು ತೂಗಾಡೋಕೆ ಈ ಮೆತ್ತನೆ ಕೆರೆ ಮಣ್ಣೂ ಒಂದು ಕಾರಣ. ಸ್ವಯಂಭೂ ಗುಡ್ಡದಲ್ಲೂ ಅನಂತಪುರ ಗುಡಿ ಅವತ್ತು ಕುಸಿದು ಬಿತ್ತು, ಮುಖ್ಯ ಸ್ತೂಪ ಮಾತ್ರ ನಿಂತ್ಕೊಳ್ತು.

ಅದಕ್ಕೇ ನಾನು ಹೇಳೋದು, ಮೇಲೆ ಹೋದ ತಕ್ಷಣ ಮೊಬೈಲ್ ತೆಗೀಬೇಡಿ. ಪೂರ್ವದ ಕಟ್ಟೆ ಹತ್ರ ನಿಂತು ಕೆಳಗಿನ ಊರನ್ನ ಒಂದು ಸಲ ಕೆರೆ ಅಂತ ನೋಡಿ. ಸುತ್ತ ಬೆಟ್ಟಗಳೇ ದಂಡೆ, ಉತ್ತರಕ್ಕೆ ಶಿವಪುರಿ, ದಕ್ಷಿಣದ ಕಡೆ ಫೂಲ್‌ಚೋಕಿ, ನಡುವೆ ನೀರು ತುಂಬಿದಹಾಗೆ ಇಟ್ಟಿಗೆ ಬಣ್ಣದ ಮನೆಗಳು ಅಂಚಿನ ತನಕ ತುಂಬ್ಕೊಂಡಿವೆ, ಮನೆ ಮೇಲೆಲ್ಲ ನೀರಿನ ಟ್ಯಾಂಕ್, ಒಣಗೋಕೆ ಹಾಕಿದ ಬಟ್ಟೆ, ಆಚೆ ವಿಮಾನ ಮೆಲ್ಲಗೆ ಇಳೀತಾ ಇರುತ್ತೆ. ನೀವು ನಿಂತಿರೋದು ದ್ವೀಪದ ಮೇಲೆ. ಹೀಗೆ ನೋಡಿದ್ಮೇಲೆ ಆ ಹೆಸರು ಯಾಕೆ ಅಂತ ಯಾರೂ ವಿವರಿಸೋದೇ ಬೇಡ. ಬಿಳೀ ಧರಹರಾ ಗೋಪುರ ಕಾಣುತ್ತೆ, ಅದೂ 2015ರಲ್ಲಿ ಬಿದ್ದು ಮತ್ತೆ ಕಟ್ಟಿದ್ದು.

ಫೋಟೋಕ್ಕೆ ಅಕ್ಟೋಬರ್, ನವೆಂಬರ್ ಒಳ್ಳೇದು, ಮಳೆ ಧೂಳು ತೊಳೆದಿರುತ್ತೆ, ಅದೃಷ್ಟ ಇದ್ರೆ ಉತ್ತರಕ್ಕೆ ಹಿಮದ ಬೆಟ್ಟಗಳೂ ಕಾಣ್ತವೆ. ಚಳಿಗಾಲದ ಬೆಳಿಗ್ಗೆ ಮಂಜು ಮತ್ತು ಹೊಗೆ ಕಣಿವೆಯಲ್ಲೇ ಕೂತುಬಿಡುತ್ತೆ, ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬಿದ್ದ ಹೊಗೆ ಬೇರೆ. ಸಂಜೆ ಬಿಸಿಲು ನಿಮ್ಮ ಬೆನ್ನ ಹಿಂದಿನಿಂದ ಊರ ಮೇಲೆ ಬೀಳುತ್ತೆ, ಚಿತ್ರಕ್ಕೆ ಅದೇ ಚಲೋ. ಬೆಳಿಗ್ಗೆ ಹೋಗೋದು ಜನರನ್ನ ನೋಡೋಕೆ.

*ಸ್ತೂಪದ ಮುಖದಲ್ಲಿ ಮೂಗಿನ ಜಾಗದಲ್ಲಿ ಪ್ರಶ್ನೆ ಚಿಹ್ನೆ ಯಾಕಿದೆ? (8ನೇ ತರಗತಿ ವಿದ್ಯಾರ್ಥಿನಿ, ತುಮಕೂರು)*

ಪುಟ್ಟಿ, ಅದು ಪ್ರಶ್ನೆ ಚಿಹ್ನೆ ಅಲ್ಲಮ್ಮ, ನೇಪಾಳಿಯಲ್ಲಿ ಒಂದು ಅಂತ ಬರೆಯೋ ಅಂಕಿ. ಹಿಂದಿ ಪುಸ್ತಕದಲ್ಲಿ ಪುಟದ ನಂಬರ್ ನೋಡಿದ್ರೆ ಗೊತ್ತಾಗುತ್ತೆ, ನಮ್ಮ ಕನ್ನಡದ ೧ ಗುಂಡಗಿರುತ್ತೆ, ಅವರದ್ದು ಬಾಲ ಇಳಿಬಿಟ್ಟಿರುತ್ತೆ. ಎಲ್ಲವೂ ಒಂದೇ ಅನ್ನೋ ಅರ್ಥದಲ್ಲಿ ಹಾಕಿರೋದು. ಕಣ್ಣುಗಳು ನಾಲ್ಕೂ ದಿಕ್ಕಿಗಿವೆ, ಬುದ್ಧ ಎಲ್ಲ ಕಡೆ ನೋಡ್ತಾನೆ ಅಂತ. ಕಣ್ಣಿನ ಮೇಲೆ ಬಳೆ ಜೋಡಿಸಿದಹಾಗೆ 13 ಸುತ್ತು ಇವೆ, ಜ್ಞಾನಕ್ಕೆ ಹೋಗೋ 13 ಹಂತ ಅವು. ಇದಕ್ಕೆ 2010ರಲ್ಲಿ ಮುಗಿದ ದೊಡ್ಡ ರಿಪೇರಿಯಲ್ಲಿ ಹೊಸದಾಗಿ ಚಿನ್ನದ ಮುಲಾಮು ಹಾಕಿದ್ರು, ಬಳಸಿದ ಚಿನ್ನ 20 ಕೆಜಿ.

*ನಾವು ಹಿಂದೂಗಳು, ಅಲ್ಲಿ ಪೂಜೆ ಮಾಡಿಸ್ಬಹುದಾ? ನಮ್ಮ ಕದ್ರಿಗೂ ಬೌದ್ಧರಿಗೂ ಸಂಬಂಧ ಇತ್ತು ಅಂತಾರಲ್ಲ, ಹೌದಾ? (ಓದುಗರೊಬ್ಬರು, ಮಂಗಳೂರು)*

ಧಾರಾಳವಾಗಿ ಕೈಮುಗೀಬಹುದು, ಪ್ರದಕ್ಷಿಣೆ ನಮ್ಮಹಾಗೇ ಬಲಕ್ಕೆ, ಸುತ್ತ ಇರೋ ಮಣಿ ಚಕ್ರಗಳನ್ನೂ (ಮಂತ್ರ ಕೆತ್ತಿದ, ತಿರುಗಿಸೋ ಪ್ರಾರ್ಥನಾ ಚಕ್ರಗಳು) ಅದೇ ದಿಕ್ಕಿಗೆ ಬಲಗೈಯಲ್ಲಿ ತಿರುಗಿಸ್ತಾ ಹೋಗಿ. ಸ್ತೂಪದ ಪಕ್ಕದಲ್ಲೇ ಹಾರತಿ ದೇವಿಯ ಚಿಕ್ಕ ಗುಡಿ ಇದೆ, ದಯವಿಟ್ಟು ಅದನ್ನ ಬಿಡಬೇಡಿ. ಮಕ್ಕಳನ್ನ ಕದ್ದು ತಿನ್ನೋ ಯಕ್ಷಿಣಿ ಆಗಿದ್ದಳಂತೆ, ಬುದ್ಧ ಅವಳ ಕೊನೇ ಮಗುವನ್ನೇ ಬಚ್ಚಿಟ್ಟಾಗ ತಾಯಿ ಸಂಕಟ ಏನು ಅಂತ ತಿಳಿದು ಅವತ್ತಿಂದ ಮಕ್ಕಳನ್ನ ಕಾಯೋಳಾದಳು. ಅಲ್ಲಿನವರು ಅವಳನ್ನ ಅಜಿಮಾ ಅಂತಾರೆ, ಅಜ್ಜಿ ಅಂತ ಅರ್ಥ, ಸಿಡುಬಿನಿಂದ ಕಾಯೋ ತಾಯಿ. ನಮ್ಮಲ್ಲಿ ಮಗುಗೆ 'ಅಮ್ಮ ಆಗಿದೆ' ಅಂದು ಮಾರಮ್ಮನಿಗೆ ತಂಪು ಎರೆಯೋರಿಗೆ ಈ ಗುಡಿ ಎದುರು ಏನೂ ಹೊಸದು ಅನ್ಸಲ್ಲ. ಹಿಂದೂ, ಬೌದ್ಧ ಅಂತಿಲ್ಲ, ಎಳೇ ಮಗು ಎತ್ಕೊಂಡು ಬಂದ ತಾಯಂದಿರೇ ಅಲ್ಲಿ ಜಾಸ್ತಿ.

ಮಂಗಳೂರಿನ ಕದ್ರಿ ದೇವಸ್ಥಾನದ ವಿಷಯ ಹೌದು. ಅಲ್ಲಿನ ಲೋಕೇಶ್ವರನ, ಅಂದ್ರೆ ಬೌದ್ಧರ ಬೋಧಿಸತ್ವ ಅವಲೋಕಿತೇಶ್ವರನ, ಕಂಚಿನ ಮೂರ್ತಿಯ ಪೀಠದಲ್ಲಿ ಕ್ರಿ.ಶ. 968ರ ಶಾಸನ ಇದೆ, ಆಳುಪ ರಾಜ ಕುಂದವರ್ಮ ಕದರಿಕಾ ವಿಹಾರದಲ್ಲಿ ಲೋಕೇಶ್ವರನನ್ನ ಪ್ರತಿಷ್ಠೆ ಮಾಡಿದ ಅಂತ. ವಿಹಾರ ಅನ್ನೋ ಮಾತೇ ಬೌದ್ಧರದ್ದು. ಆಮೇಲೆ ಅದೇ ಜಾಗ ಶೈವ ಯೋಗಿಗಳ ನಾಥಪಂಥದ ಕೇಂದ್ರ ಆಯ್ತು, ಆ ಪಂಥದ ಗುರು ಮತ್ಸ್ಯೇಂದ್ರನಾಥನ ಹೆಸರೂ ಅಲ್ಲಿ ಬಂತು. ಈಗ ಕಠ್ಮಂಡುಗೆ ಹೋಗಿ ನೋಡಿ, ಅಲ್ಲಿನ ಬೌದ್ಧರು ಲೋಕೇಶ್ವರ ಅಂತ ಪೂಜಿಸೋ ದೇವರನ್ನೇ ಹಿಂದೂಗಳು ಮತ್ಸ್ಯೇಂದ್ರನಾಥ ಅಂತಾರೆ, ಒಂದೇ ರಥ ಇಬ್ಬರೂ ಎಳೀತಾರೆ. ಕಡಲ ದಂಡೆಯ ಕದ್ರಿಯಲ್ಲಿ ನೋಡಿದ್ದ ಎರಡು ಹೆಸರನ್ನ ಹಿಮಾಲಯದ ಬುಡದಲ್ಲಿ ಮತ್ತೆ ಒಟ್ಟಿಗೆ ಕೇಳಿದಾಗ ನನಗೆ ಮೈ ಜುಮ್ ಅಂದಿತ್ತು. ನೀವು ಮಂಗಳೂರಿನವರು, ಹೊರಡೋಕೆ ಮುಂಚೆ ಒಂದು ಸಲ ಕದ್ರಿಗೆ ಹೋಗಿ ಆ ಮೂರ್ತಿಯನ್ನ ಸರಿಯಾಗಿ ನೋಡ್ಕೊಂಡೇ ಹೋಗಿ.

*ಮಂಗಗಳು ತುಂಬಾ ಕಾಟ ಕೊಡ್ತಾವಂತೆ? (ಓದುಗರೊಬ್ಬರು, ಶಿವಮೊಗ್ಗ)*

ಕೈಯಲ್ಲಿ ತಿಂಡಿ ಪೊಟ್ಟಣ, ಜ್ಯೂಸ್ ಬಾಟಲಿ ಕಾಣೋಹಾಗೆ ಇಟ್ಕೋಬೇಡಿ, ಕಣ್ಣಲ್ಲಿ ಕಣ್ಣಿಟ್ಟು ದಿಟ್ಟಿಸ್ಬೇಡಿ, ಮರಿ ಇರೋ ತಾಯಿ ಹತ್ರ ಹೋಗ್ಬೇಡಿ, ಅಷ್ಟು ಸಾಕು. ಕಚ್ಚಿದ್ರೆ ಮಾತ್ರ ಅಲಕ್ಷ್ಯ ಮಾಡ್ದೆ ಗಾಯವನ್ನ ಸೋಪು ಹಾಕಿ ಚೆನ್ನಾಗಿ ತೊಳೆದು ಅವತ್ತೇ ಡಾಕ್ಟರ ಹತ್ರ ಹೋಗಿ ರೇಬೀಸ್ ಇಂಜೆಕ್ಷನ್ ಶುರು ಮಾಡಿಸಿ. ಅವನ್ನ ಅಲ್ಲಿ ಯಾರೂ ಓಡಿಸಲ್ಲ, ಮಂಜುಶ್ರೀಯ ತಲೆಯ ಹೇನುಗಳೇ ಮಂಗಗಳಾದವು ಅನ್ನೋ ನಂಬಿಕೆ ಇದೆ. ಮೆಟ್ಟಿಲ ಕಂಬಿ ಮೇಲೆ ಮರಿಗಳು ಜಾರುಬಂಡೆ ಆಡ್ತಾ ಇಳಿಯೋದನ್ನ ನೋಡ್ತಾ ನಿಂತ್ರೆ ಹೊತ್ತು ಹೋಗೋದೇ ಗೊತ್ತಾಗಲ್ಲ.

*ಪಾಸ್‌ಪೋರ್ಟ್ ಬೇಕೇ ಬೇಕಾ? ದುಡ್ಡು ಹೇಗೆ? (ಓದುಗರೊಬ್ಬರು, ಹಾಸನ)*

ನಮಗೆ ವೀಸಾ ಬೇಡ. ವಿಮಾನದಲ್ಲಿ ಹೋಗೋದಾದ್ರೆ ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ವೋಟರ್ ಐಡಿ ಬೇಕು, ಆಧಾರ್ ಒಂದನ್ನೇ ನಂಬ್ಕೊಂಡು ಏರ್‌ಪೋರ್ಟಿಗೆ ಹೋಗ್ಬೇಡಿ. ನಮ್ಮ 100 ರೂಪಾಯಿಗೆ ಅವರ 160, ಈ ದರ ಬದಲಾಗಲ್ಲ. ನಮ್ಮ 100ರ ನೋಟುಗಳನ್ನೇ ಜಾಸ್ತಿ ಇಟ್ಕೊಳ್ಳಿ. ಗುಡ್ಡದ ಟಿಕೆಟ್ ಭಾರತದವರಿಗೆ ಬೇರೆ ವಿದೇಶಿಯರಿಗಿಂತ ಕಮ್ಮಿ, ಕೌಂಟರಿನಲ್ಲಿ ಇಂಡಿಯಾ ಅಂತ ಹೇಳಿ ಐಡಿ ತೋರಿಸಿ. ಗಡಿಯಾರ ಮಾತ್ರ 15 ನಿಮಿಷ ಮುಂದಕ್ಕೆ ತಿರುಗಿಸ್ಕೊಳ್ಳಿ, ವಾಪಸ್ ಬರೋ ದಿನ ವಿಮಾನಕ್ಕೆ ಬೇಕಾಗುತ್ತೆ.